ಕಾಯುವ ಹೊತ್ತೂ ಡ್ಯೂಟಿನೇ?

ಅಕ್ಕಲಕೋಟ: ಗುರುವಾರ, ಹುಣ್ಣಿವಿ ಬಂತಂದ್ರ ಸ್ವಾಮಿ ಸಮರ್ಥರ ದರ್ಶನಕ್ಕೆ ಸೊಲ್ಲಾಪುರದಿಂದ ಬರುವ ಎಸ್‌ಟಿ ಬಸ್ಸುಗಳು ತುಂಬಿರುತ್ತವೆ. ತಡವಾದರೆ ಮಂದಿ ಬೈಯುವುದು ಚಾಲಕನನ್ನೇ. ನಿಲ್ದಾಣದಲ್ಲಿ ಆತ ಕಾಯುವ ಹೊತ್ತಿನ ಲೆಕ್ಕ ಯಾರಿಡಬೇಕು?

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ತಾಸಿನ ದುಡಿಮೆ, ವಿರಾಮ ಸೇರಿ 12 ತಾಸಿನ ಮಿತಿ ಹಾಕಿತ್ತು. ಕೊನೆಯ ನಿಲ್ದಾಣದಲ್ಲಿ ಸುಮ್ಮನೆ ಹಾಜರಿರುವುದು 15 ನಿಮಿಷಕ್ಕಿಂತ ಕಡಿಮೆಯಿದ್ದರಷ್ಟೇ ಕೆಲಸದ ಲೆಕ್ಕ. ಅದಕ್ಕೂ ಹೆಚ್ಚು ಕಾಯ್ದರೆ ಲೆಕ್ಕಕ್ಕಿಲ್ಲ, ಮನೆಗೂ ಹೋಗುವಂತಿಲ್ಲ.

2021ರ ಅಕ್ಟೋಬರ್ ಕೊನೆಗೆ ಹೂಡಿದ ಎಸ್‌ಟಿ ಮುಷ್ಕರ 2022ರ ಏಪ್ರಿಲ್‌ವರೆಗೆ ನಡೆಯಿತು. 10 ವರ್ಷದೊಳಗಿನ ಸೇವೆಯವರ ಮೂಲ ವೇತನ 5000 ರೂ. ಏರಿತು. ಸರಕಾರದಲ್ಲಿ ವಿಲೀನದ ಬೇಡಿಕೆ ಈಡೇರಲಿಲ್ಲ.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆ ಕಾಯ್ದೆ ಹೋಯಿತು. ಕಾಯುವ ಹೊತ್ತೂ ದುಡಿಮೆ ಎಂಬುದು ಈಗಲಾದರೂ ಲೆಕ್ಕಕ್ಕೆ ಬರಲಿ. 'ಡ್ಯೂಟಿ ಮುಗೀತೇನ್ರಿ?' ಎಂದು ಮನ್ಯಾಗ ಕೇಳುವವರಿಗೂ ಉತ್ತರ ಬೇಕಲ್ಲ!