ಮಳಿ ಕೊಟ್ಟ ಕೈ, ಇಂಗ್ಲಿಷಿನ ಕೈ

ರೋಣ, ನರಗುಂದ, ಗಜೇಂದ್ರಗಡದ ಎರಿ ಹೊಲದಾಗ ಹೆಸರು ಬಿತ್ತಿದ ಹಿರ್ಯಾರು ಮುಗಿಲು ನೋಡಿ ಅಂತಾರ: 'ಈ ಸಲ ಮಳಿ ಕೈ ಕೊಟ್ಟೈತಿ.' ಅಂದ್ರ, ನಂಬಿದ್ದು ಬರಲಿಲ್ಲ, ಬೆಳಿ ಹೋತು.

ಇದನ್ನ ಪದಕ್ಕ ಪದ ಇಂಗ್ಲಿಷಿಗೆ ಇಟ್ರ ಅರ್ಥನ ತಿರುಗಿ ಬೀಳ್ತೈತಿ! ಅಲ್ಲಿ 'ಗಿವ್ ಮಿ ಎ ಹ್ಯಾಂಡ್' ಅಂದ್ರ ಸಹಾಯ ಮಾಡು. ಜ್ವಾಳದ ಚೀಲ ಎತ್ತುವಾಗ 'ಸ್ವಲ್ಪ ಕೈ ಹಚ್ಚೋ ತಮ್ಮಾ' ಅಂತೀವಲ್ಲ, ಅದ ಇದು.

ಹಂಗಂತ ಎಲ್ಲಾ ಬ್ಯಾರೆ ಅಲ್ಲ. 'ಪುಲ್ಲಿಂಗ್ ಮೈ ಲೆಗ್' ನಮ್ಮ ಕಾಲೆಳೆಯೋದ. 'ಆಲ್ ಇಯರ್ಸ್' ಅಂದ್ರ ಮೈಯೆಲ್ಲ ಕಿವಿಯಾಗೋದು. ಆದ್ರ 'ಕೋಲ್ಡ್ ಶೋಲ್ಡರ್'? ಹೆಗಲಿಗೆ ಥಂಡಿ ಹತ್ತೋದಲ್ಲ. ಬೇಕಂತಲೇ ಮಾತಾಡಿಸದ ಇರೋದು.

ನುಡಿಗಟ್ಟು ಕಲಿಯುವಾಗ ಬರೇ ಪದ ಬರಕೋಬ್ಯಾಡ್ರಿ. ಅದನ್ನ ಯಾರಿಗೆ, ಯಾವಾಗ ಅಂತಾರ ಅನ್ನೋದನ್ನೂ ಬರಕೊಳ್ರಿ.