ಸೈನಿಕನ ಹೊಲ: ಊರಿಗೆ ಬಂದ ಮೊದಲ ವರ್ಷ ಮರೆಯಬೇಡಿ

ನಿಮ್ಮ ಊರಿನಲ್ಲಿ ಸೈನ್ಯಕ್ಕೆ ಸೇರಿದ ಹುಡುಗನೊಬ್ಬ ಇದ್ದೇ ಇರುತ್ತಾನೆ. ಕೂಡ್ಲಿಗಿ, ಕೊಟ್ಟೂರು ಕಡೆಯ ಕೆಂಪು ಮಸಾರಿ ಹೊಲದ ಶೇಂಗಾ ಮಳೆಯನ್ನು ನಂಬಿದ ಬೆಳೆ. ಒಂದು ವರ್ಷ ಕೈಗೆ ಬಂದರೆ ಮತ್ತೊಂದು ವರ್ಷ ಬೀಜದ ದುಡ್ಡೂ ಹುಟ್ಟುವುದಿಲ್ಲ. ಹರಪನಹಳ್ಳಿಯ ಮೆಕ್ಕೆಜೋಳದ ಕಥೆಯೂ ಬಹುಮಟ್ಟಿಗೆ ಹೀಗೇ. ಮನೆಗೊಂದು ನಂಬಿಕೆಯ ಸಂಬಳ ಇರಲಿ ಎಂದು ಹುಡುಗ ಭರ್ತಿಗೆ ಓಡುತ್ತಾನೆ. ಆಯ್ಕೆಯಾದ ದಿನ ಅಣ್ಣನೋ, ಪಕ್ಕದ ಹೊಲದವನೋ ಹೇಳುವ ಮಾತು ಒಂದೇ: "ನೀ ಹೋಗಿ ಬಾರಪ್ಪಾ, ಹೊಲ ನಾ ನೋಡ್ಕೊಂತೀನಿ."

ಆ ಮಾತು ಹೇಳುವಾಗ ಯಾರ ಮನಸ್ಸಿನಲ್ಲೂ ಕೆಟ್ಟದ್ದಿರುವುದಿಲ್ಲ. ಹದಿನೇಳು ವರ್ಷ ಕಳೆದು ಅವನು ಹವಾಲ್ದಾರನಾಗಿ ಪೆಟ್ಟಿಗೆ ಹೊತ್ತು ಬಂದಾಗ ಕಥೆ ಬೇರೆಯಾಗಿರುತ್ತದೆ. ಹೊಲಕ್ಕೆ ಬದು ಹಾಕಿದವನು, ಬೋರು ತೋಡಿಸಿದವನು, ಕಲ್ಲು ಆರಿಸಿದವನು ಇನ್ನೊಬ್ಬ. ಮಾತು ಆಡಿದ ಹಿರಿಯರು ತೀರಿಕೊಂಡಿರುತ್ತಾರೆ. ಕಾಗದ ಮಾತ್ರ ಒಂದೂ ಇರುವುದಿಲ್ಲ.

ಸೈನಿಕ ಕುಟುಂಬಗಳಿಗೆ ಸರ್ಕಾರ ಏನು ಕೊಡುತ್ತದೆ ಎಂದರೆ ನಮಗೆ ನೆನಪಾಗುವುದು ಪಿಂಚಣಿ, ನಿವೇಶನ, ಮಕ್ಕಳ ವಿದ್ಯಾರ್ಥಿ ವೇತನ. ಇವೆಲ್ಲಕ್ಕಿಂತ ಹಳ್ಳಿಯ ಸೈನಿಕನಿಗೆ ಹತ್ತಿರವಾದ ಸವಲತ್ತೊಂದು ನಮ್ಮ ರಾಜ್ಯದ ಭೂಸುಧಾರಣಾ ಕಾನೂನಿನಲ್ಲೇ ಇದೆ. ಬಹಳ ಮಂದಿಗೆ ಅದು ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ಗಡುವು ಮೀರಿರುತ್ತದೆ.

ಎಲ್ಲರಿಗೂ ನಿಷೇಧ, ಸೈನಿಕನಿಗೆ ವಿನಾಯಿತಿ

ಉಳುವವನೇ ಹೊಲದೊಡೆಯ ಎಂಬ ಮಾತು ನಿಮಗೆ ತಿಳಿದದ್ದೇ. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿದಾರರು ಏಳನೇ ನಮೂನೆ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು ಹೊಲದ ಒಡೆಯರಾದರು. ಆಗಿನಿಂದ ಸಾಗುವಳಿ ಜಮೀನನ್ನು ಗೇಣಿಗೆ ಕೊಡುವುದು ಕಾನೂನಿಗೆ ವಿರುದ್ಧ.

ಆದರೆ ಕಾಯ್ದೆಯ 5ನೇ ಕಲಮು ಸೈನಿಕನನ್ನೂ ಹಡಗಿನ ನಾವಿಕನನ್ನೂ ಈ ನಿಷೇಧದಿಂದ ಹೊರಗಿಟ್ಟಿದೆ. ಗಡಿಯಲ್ಲಿ ನಿಂತವನು ನೇಗಿಲು ಹಿಡಿಯಲಾರ ಎಂಬುದು ಇದರ ತಿರುಳು. ಸೇವೆಯಲ್ಲಿರುವಾಗ, ಇಲ್ಲವೆ ಸೇವೆಗೆ ಸೇರುವ ಮುಂಚಿನ ಮೂರು ತಿಂಗಳೊಳಗೆ, ಅವನು ತನ್ನ ಹೊಲವನ್ನು ಗೇಣಿಗೆ ಕೊಡಬಹುದು. ಆದರೆ ಗೇಣಿ ಬರಹದಲ್ಲೇ ಇರಬೇಕು. ಬಾಯಿಮಾತು ಸಾಲದು.

'ಸೈನಿಕ' ಎಂದರೆ ಕೇಂದ್ರದ ಸಶಸ್ತ್ರ ಪಡೆಗಳ ಸೇವೆಯಲ್ಲಿರುವವನು. ಒಬ್ಬ ವ್ಯಕ್ತಿ ಈ ಅರ್ಥದಲ್ಲಿ ಸೈನಿಕನೋ ಅಲ್ಲವೋ ಎಂಬ ಪ್ರಶ್ನೆ ಎದ್ದರೆ ರಾಜ್ಯ ಸರ್ಕಾರದ ತೀರ್ಮಾನವೇ ಕಡೆಯದು. ಗಡಿ ಭದ್ರತಾ ಪಡೆ, ಸಿ.ಆರ್.ಪಿ.ಎಫ್. ಮುಂತಾದ ಪಡೆಗಳಲ್ಲಿ ಇರುವವರು ಕಾಗದ ಮಾಡಿಸುವ ಮೊದಲೇ ಇದನ್ನು ವಕೀಲರಲ್ಲಿ ಕೇಳಿಕೊಳ್ಳುವುದು ಲೇಸು.

ಕೋರು ಬೇರೆ, ಕೂಲಿ ಬೇರೆ

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಮನೆಯೊಡತಿ ಆಳುಗಳಿಗೆ ಹಣದಲ್ಲೋ ಕಾಳಿನಲ್ಲೋ ಇಂತಿಷ್ಟು ಎಂದು ಕೂಲಿ ಕೊಟ್ಟು ಬಿತ್ತಿಸಿ ಬೆಳೆದರೆ ಅದು ಸ್ವಂತ ಸಾಗುವಳಿಯೇ. ಬೆಳೆದದ್ದರಲ್ಲಿ ಅರ್ಧ ನಿನಗೆ, ಅರ್ಧ ನಮಗೆ ಎಂದು ಕೋರಿಗೆ ಕೊಟ್ಟರೆ ಲೆಕ್ಕ ಬೇರೆ. ಬೆಳೆಯಲ್ಲಿ ಪಾಲು ಕೊಟ್ಟು ಮಾಡಿಸುವ ದುಡಿಮೆಯನ್ನು ಕಾಯ್ದೆ ಸ್ವಂತ ಸಾಗುವಳಿ ಎಂದು ಒಪ್ಪುವುದಿಲ್ಲ. "ಕೋರಿಗೆ ಕೊಟ್ಟೀವಿ, ಗುತ್ತಿಗೆಗೆ ಏನೂ ಕೊಟ್ಟಿಲ್ಲ" ಎಂದು ನಿಶ್ಚಿಂತೆಯಿಂದ ಕೂರಬೇಡಿ.

ಗೇಣಿ ಪತ್ರದಲ್ಲಿ ಇವು ಇರಲಿ: ಊರು, ಸರ್ವೆ ನಂಬರು, ಹಿಸ್ಸಾ, ಎಕರೆ ಗುಂಟೆ, ಚೆಕ್ಕುಬಂದಿ, ಕೊಡುವವನ ಸೈನಿಕ ಸಂಖ್ಯೆ, ದರ್ಜೆ, ಪಡೆಯ ಹೆಸರು, ಎಷ್ಟು ವರ್ಷಕ್ಕೆ, ಗೇಣಿ ಎಷ್ಟು, ಬೋರು, ಬದು, ಗಿಡಮರದ ಖರ್ಚು ಯಾರದು, ಭೂಸುಧಾರಣಾ ಕಾಯ್ದೆಯ 5ನೇ ಕಲಮಿನಂತೆ ಸೈನಿಕ ಕೊಟ್ಟ ಗೇಣಿ ಎಂಬ ಒಂದು ಸಾಲು, ಎರಡು ಸಾಕ್ಷಿ. ವರ್ಷದಿಂದ ವರ್ಷಕ್ಕೆ ನಡೆಯುವ, ಇಲ್ಲವೆ ಒಂದು ವರ್ಷಕ್ಕೂ ಮೀರಿದ ಗೇಣಿಯಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಅಣ್ಣತಮ್ಮಂದಿರ ನಡುವೆ ಕಾಗದ ಯಾಕೆ ಎನ್ನಬೇಡಿ. ಅಣ್ಣತಮ್ಮಂದಿರು ಅಣ್ಣತಮ್ಮಂದಿರಾಗಿಯೇ ಉಳಿಯಲಿ ಎಂದೇ ಈ ಕಾಗದ.

ಒಂದು ವರ್ಷದ ಗಡುವು

ಕಾಯ್ದೆಯ 15ನೇ ಕಲಮು ಸೈನಿಕ ತನ್ನ ಹೊಲವನ್ನು ಮರಳಿ ಪಡೆಯುವ ದಾರಿ ಹೇಳುತ್ತದೆ. ಸೇವೆಯಿಂದ ಬಿಡುಗಡೆಯಾದ, ಇಲ್ಲವೆ ಮೀಸಲು ಪಡೆಗೆ ಕಳುಹಿಸಿದ ದಿನದಿಂದ ಒಂದು ವರ್ಷದೊಳಗೆ ಅವನು ಗೇಣಿದಾರನಿಗೆ ನೋಟೀಸು ಕೊಡಬೇಕು. ಹೊಲ ತನ್ನ ಸ್ವಂತ ಸಾಗುವಳಿಗೆ ನಿಜವಾಗಿ ಬೇಕು ಎಂದಿರಬೇಕು. ಇಂತಿಷ್ಟು ಅವಧಿಯಲ್ಲಿ ಬಿಟ್ಟುಕೊಡಬೇಕು ಎಂದೂ ನೋಟೀಸಿನಲ್ಲಿ ಕಾಣಿಸಬೇಕು. ಆ ಅವಧಿ ಕಾನೂನು ಗೊತ್ತುಮಾಡಿದ್ದಕ್ಕಿಂತ ಕಡಿಮೆ ಇರಕೂಡದು. ಗೇಣಿದಾರ ಬಿಡದಿದ್ದರೆ ತಹಶೀಲ್ದಾರರಿಗೆ ಅರ್ಜಿ.

ಬಿಡುಗಡೆಯಾದ ದಿನ ಎಂದರೆ ಡಿಸ್ಚಾರ್ಜ್ ಪುಸ್ತಕದಲ್ಲಿ ಬರೆದ ದಿನ. ನೀವು ಊರಿಗೆ ಬಂದ ದಿನವಲ್ಲ. ಮೊದಲ ಪಿಂಚಣಿ ಬ್ಯಾಂಕಿಗೆ ಬಂದ ದಿನವೂ ಅಲ್ಲ. ಬಂದವರಿಗೆ ಮೊದಲ ವರ್ಷ ಹೇಗೆ ಕಳೆಯುತ್ತದೆ ಎಂಬುದು ನಿಮಗೆ ಗೊತ್ತು. ತಂಗಿಯ ಮದುವೆ, ಮನೆ ರಿಪೇರಿ, ಕೊಟ್ಟೂರು ತೇರು, ಮೈಲಾರದ ಕಾರಣಿಕ, ನೆಂಟರ ಊಟ. "ಈ ವರ್ಷ ಅವನೇ ಬಿತ್ತಿಕೊಳ್ಳಲಿ, ಮುಂದಿನ ಮುಂಗಾರಿಗೆ ನೋಡೋಣ" ಎನ್ನುವಷ್ಟರಲ್ಲಿ ಹನ್ನೆರಡು ತಿಂಗಳು ತುಂಬುತ್ತದೆ. ಆಮೇಲೆ ಈ ವಿಶೇಷ ಹಕ್ಕನ್ನು ನೆಚ್ಚಿ ಕೂರುವಂತಿಲ್ಲ. ಈ ವರ್ಷದ ಬೆಳೆ ಅವನಿಗೇ ಇರಲಿ ಎಂಬ ಮನಸ್ಸಿದ್ದರೆ ಒಳ್ಳೆಯದೇ, ಆದರೆ ನೋಟೀಸನ್ನು ಮಾತ್ರ ಮುಂದೂಡಬೇಡಿ. ರಸೀದಿ ಸಿಗುವ ಅಂಚೆಯಲ್ಲಿ ಕಳುಹಿಸಿ, ರಸೀದಿ ಜೋಪಾನ ಮಾಡಿ.

ಸೇವೆಯಲ್ಲಿದ್ದಾಗಲೇ ಸೈನಿಕ ತೀರಿಕೊಂಡ ಮನೆಯವರು ಇನ್ನೂ ಬೇಗ ವಕೀಲರನ್ನು ಕಾಣಬೇಕು. ದುಃಖದಲ್ಲಿ ದಿನ ಎಣಿಸುವುದು ಕಷ್ಟ. ಆ ಕೆಲಸವನ್ನು ನಂಟರಲ್ಲಿ ಒಬ್ಬರು ಹೊತ್ತುಕೊಳ್ಳಲಿ.

ಉಳುತ್ತಿರುವವರಿಗೂ ಒಂದು ಮಾತು

ಸೈನಿಕನ ಹೊಲ ಉಳುತ್ತಿರುವ ರೈತರೇ, ನಿಮ್ಮ ಶ್ರಮ ಸಣ್ಣದಲ್ಲ. ಕಾಗದ ನಿಮಗೂ ರಕ್ಷಣೆಯೇ. ಹೊಲ ಎಂದು ಬಿಡಬೇಕಾಗಬಹುದು, ನೀವು ಹಾಕಿದ ಬೋರಿಗೆ ಏನು ಲೆಕ್ಕ ಎಂಬುದು ಮೊದಲೇ ಬರೆದಿದ್ದರೆ ಹೆಚ್ಚು ಖರ್ಚು ಮಾಡುವ ಮುನ್ನ ಯೋಚಿಸಬಹುದು. ನೋಟೀಸು ಬಂದ ಕೂಡಲೇ ಅದನ್ನು ಅವಮಾನ ಎಂದು ತಿಳಿಯಬೇಡಿ. ಅದು ಕಾನೂನು ಹೇಳಿದ ಕ್ರಮ.

ದೂರದಲ್ಲಿದ್ದಾಗ ದಾವೆ ಬಂದರೆ

ಮಗ ಲಡಾಖಿನಲ್ಲಿ, ದಾವೆ ಹರಪನಹಳ್ಳಿಯಲ್ಲಿ. ಹೀಗಾದಾಗ ಹೆದರಬೇಡಿ. ರಜೆ ಸಿಗದ ಸೈನಿಕ ತನ್ನ ಪರವಾಗಿ ದಾವೆ ಹೂಡಲು ಅಥವಾ ಎದುರಿಸಲು ತಂದೆಗೋ, ಹೆಂಡತಿಗೋ, ಬೇರೆ ಯಾರಿಗೋ ಅಧಿಕಾರ ಕೊಡಬಹುದು. ಅದನ್ನು ತನ್ನ ಕಮಾಂಡಿಂಗ್ ಅಧಿಕಾರಿಯ ಎದುರು ಬರೆದು ಸಹಿ ಮಾಡಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 28ನೇ ಆದೇಶ ಇದಕ್ಕೆಂದೇ ಇದೆ. ರಜೆ ಸಿಕ್ಕರೆ, 1950ರ ಸೇನಾ ಕಾಯ್ದೆಯ 32ನೇ ಕಲಮಿನಂತೆ ಸೇನಾಧಿಕಾರಿಯ ಪ್ರಮಾಣಪತ್ರ ಹಾಜರುಪಡಿಸಿ, ಆ ರಜೆಯೊಳಗೇ ವಿಚಾರಣೆ ಇಡಿ ಎಂದು ಕೋರ್ಟನ್ನು ಕೇಳಬಹುದು. ಯುದ್ಧ ಅಥವಾ ವಿಶೇಷ ಪರಿಸ್ಥಿತಿಯಲ್ಲಿ ಸೇವೆ ಮಾಡುತ್ತಿರುವವರ ದಾವೆಯನ್ನು ಮುಂದಕ್ಕೆ ಹಾಕಲು 1925ರ ಸೈನಿಕರ ದಾವೆಗಳ ಕಾಯ್ದೆ ಇದೆ. ಇಷ್ಟಕ್ಕೂ ಮನೆಯವರು ಮಾಡಬೇಕಾದ ಮೊದಲ ಕೆಲಸ ಒಂದೇ: ಸಮನ್ಸು ಬಂದ ದಿನವೇ ಅದರ ನಕಲನ್ನು ಮಗನಿಗೆ ಕಳುಹಿಸುವುದು. ಅವನು ಅದನ್ನು ತನ್ನ ಅಧಿಕಾರಿಗೆ ತೋರಿಸಲಿ.

ಸರ್ಕಾರಿ ಜಮೀನು ಕೇಳುವವರಿಗೆ

ಇಷ್ಟು ಸ್ವಂತ ಹೊಲ ಉಳ್ಳವರ ಮಾತಾಯಿತು. ಹೊಲವಿಲ್ಲದ ಮಾಜಿ ಸೈನಿಕರಿಗೆ 1969ರ ಭೂ ಮಂಜೂರಾತಿ ನಿಯಮಗಳು ಒಂದು ಬಾಗಿಲು ತೆರೆದಿವೆ. ಊರಿನಲ್ಲಿ ವಿಲೇವಾರಿಗೆ ಲಭ್ಯವಿರುವ ಸರ್ಕಾರಿ ಜಮೀನಿನಲ್ಲಿ ಶೇಕಡ 10ರಷ್ಟು ಸೈನಿಕರಿಗೆ ಮತ್ತು ಮಾಜಿ ಸೈನಿಕರಿಗೆ ಮೀಸಲು. ಅರ್ಜಿ ತಹಶೀಲ್ದಾರರಿಗೆ. ಆದಾಯದ ಮಿತಿ ಉಂಟು. ಮಂಜೂರಾದ ಜಮೀನನ್ನು ಗೊತ್ತಾದ ವರ್ಷಗಳವರೆಗೆ ಮಾರುವಂತಿಲ್ಲ.

ಆದರೆ 'ಲಭ್ಯವಿರುವ' ಎಂಬ ಮಾತಿನಲ್ಲೇ ಎಲ್ಲ ಇದೆ. ಪ್ರತಿ ನೂರು ದನಕ್ಕೆ ಕನಿಷ್ಠ 12 ಹೆಕ್ಟೇರು ಗೋಮಾಳ ಉಳಿಸಬೇಕೆಂಬುದು ಭೂಕಂದಾಯ ನಿಯಮ. ಅಷ್ಟನ್ನು ಬಿಟ್ಟು ಮಿಕ್ಕಿದ್ದರೆ ಮಾತ್ರ ಮಂಜೂರಾತಿಯ ಮಾತು. ಅರಣ್ಯ ಜಮೀನಂತೂ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಕೇಂದ್ರದ ಒಪ್ಪಿಗೆಯಿಲ್ಲದೆ ಬೇರೆ ಬಳಕೆಗೆ ಸಿಗುವಂಥದ್ದಲ್ಲ. ಗುಡೇಕೋಟೆಯ ಕರಡಿಧಾಮದ ಸುತ್ತಿನ ಊರುಗಳವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಆದ್ದರಿಂದ ಬರಿದೇ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಡಿ. ಮೊದಲು ಗ್ರಾಮ ಆಡಳಿತಾಧಿಕಾರಿಯಲ್ಲಿ ಸರ್ವೆ ನಂಬರು ಕೇಳಿ, ಪಹಣಿ ತೆಗೆಸಿ, ಅದು ಗೋಮಾಳವೋ ಅರಣ್ಯವೋ ಕೆರೆಯಂಗಳವೋ ನೋಡಿ, ಆಮೇಲೆ ಆ ನಂಬರನ್ನೇ ಕಾಣಿಸಿ ಅರ್ಜಿ ಬರೆಯಿರಿ.

ಅಗ್ನಿವೀರರಾಗಿ ಹೋದ ಹುಡುಗರ ಮನೆಯವರಿಗೆ ಒಂದು ಎಚ್ಚರಿಕೆ. 2022ರಲ್ಲಿ ಬಂದ ಈ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಅಷ್ಟು ಮುಗಿಸಿ ಬಂದವರಿಗೆ ಮಾಜಿ ಸೈನಿಕ ಎಂಬ ಸ್ಥಾನ ತಾನಾಗಿ ಸಿಗುವುದಿಲ್ಲ. ಅದನ್ನು ನಂಬಿ ಜಮೀನಿನ ಲೆಕ್ಕ ಹಾಕಬೇಡಿ.

ಹಳೆಯ ಕಾಗದ ಎಲ್ಲಿ?

ನಮ್ಮ ತಾಲೂಕುಗಳ ಕಾಗದ ಹುಡುಕುವುದು ಸ್ವಲ್ಪ ತೊಡಕು. 1953ರ ಅಕ್ಟೋಬರ್ 1ರವರೆಗೆ ನಾವು ಮದರಾಸು ರಾಜ್ಯದಲ್ಲಿದ್ದವರು. ಅಜ್ಜ ಎರಡನೆಯ ಮಹಾಯುದ್ಧಕ್ಕೆ ಹೋಗಿ ಬಂದು ದರಖಾಸ್ತಿನಲ್ಲಿ ಜಮೀನು ಪಡೆದಿದ್ದರೆ ಅದರ ಪಟ್ಟ ಆ ಕಾಲದ ನಮೂನೆಯಲ್ಲಿರುತ್ತದೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕೊಟ್ಟೂರು ಮೊದಲು ಕೂಡ್ಲಿಗಿ ತಾಲೂಕಿನದು. ಹೀಗಾಗಿ ಒಂದು ಕಚೇರಿಯಲ್ಲಿ "ಇಲ್ಲ" ಎಂದರೆ ಕೈಬಿಡಬೇಡಿ. ಆ ವರ್ಷ ನಿಮ್ಮ ಊರು ಯಾವ ತಾಲೂಕಿನಲ್ಲಿ, ಯಾವ ಜಿಲ್ಲೆಯಲ್ಲಿತ್ತು ಎಂದು ನೋಡಿ, ಅಲ್ಲಿನ ದಾಖಲೆ ಕೊಠಡಿಯಲ್ಲಿ ನಕಲು ಕೇಳಿ.

ಮನೆಯಲ್ಲಿರುವ ತಾಯಂದಿರಿಗೆ

2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಜೀವ ಹಿಡಿದಿದ್ದು, 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಕುಂದಗೋಳ ತಾಲೂಕಿನ ಬೆಟದೂರಿನ ಒಕ್ಕಲು ಮನೆತನದವರು. ನಾಡೆಲ್ಲ ಅತ್ತಿತು. ಅಂಥ ಸುದ್ದಿ ಯಾವ ಮನೆಗೂ ಬಾರದಿರಲಿ. ಆದರೂ ಕಾಗದ ಸಿದ್ಧವಿರಬೇಕು.

ಈ ವಾರವೇ ಪಹಣಿ ತೆಗೆಸಿ ನೋಡಿ. 9ನೇ ಕಾಲಮಿನಲ್ಲಿ ಒಡೆತನ ಯಾರ ಹೆಸರಿನಲ್ಲಿದೆ? 12ನೇ ಕಾಲಮಿನಲ್ಲಿ ಸಾಗುವಳಿದಾರ ಎಂದು ಯಾರ ಹೆಸರಿದೆ? ಮಾವ ತೀರಿ ಹತ್ತು ವರ್ಷವಾದರೂ ಖಾತೆ ಅವರ ಹೆಸರಿನಲ್ಲೇ ಇದ್ದರೆ ಪೌತಿ ಖಾತೆ ಮಾಡಿಸಿ. ನಿಮ್ಮ ಹೆಸರು, ಮಕ್ಕಳ ಹೆಸರು ಸೈನ್ಯದ ದಾಖಲೆಯಲ್ಲಿ, ಆಧಾರ್ ಕಾರ್ಡಿನಲ್ಲಿ, ಪಹಣಿಯಲ್ಲಿ ಒಂದೇ ರೀತಿ ಇದೆಯೇ? ವ್ಯತ್ಯಾಸವಿದ್ದರೆ ಯಜಮಾನರು ಸೇವೆಯಲ್ಲಿರುವಾಗಲೇ ತಿದ್ದಿಸುವುದು ಸುಲಭ. ಬೆಳಗಾವಿಯ ಮರಾಠಾ ಪದಾತಿ ದಳವಿರಲಿ, ಬೆಂಗಳೂರಿನ ಮದರಾಸು ಎಂಜಿನಿಯರ್ ದಳವಿರಲಿ, ಪ್ರತಿಯೊಂದಕ್ಕೂ ದಾಖಲೆ ಕಚೇರಿ ಇದೆ. ಅಲ್ಲಿಗೆ ಬರೆಯಲು ತೊಡಕಾದರೆ ನಿಮ್ಮ ಜಿಲ್ಲೆಯ ಕೆಲಸ ನೋಡುವ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ, ಗೇಣಿ ಪತ್ರ, ಪಹಣಿ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರಲಿ. ಆ ಪೆಟ್ಟಿಗೆ ಎಲ್ಲಿದೆ ಎಂದು ಮನೆಯಲ್ಲಿ ಇಬ್ಬರಿಗಾದರೂ ತಿಳಿದಿರಲಿ.

ಬಿತ್ತನೆಗೆ ಹದ ಇರುವಂತೆ ಹಕ್ಕಿಗೂ ಹದವಿದೆ. ನಿಮ್ಮ ಓಣಿಯಲ್ಲಿ ಈ ವರ್ಷ ಯಾರಾದರೂ ಸೈನ್ಯದಿಂದ ಬಿಡುಗಡೆಯಾಗಿ ಬಂದಿದ್ದರೆ ಹಾರ ಹಾಕಿ ಬರಮಾಡಿಕೊಳ್ಳಿ. ಊಟ ಮುಗಿದ ಮೇಲೆ ಪಕ್ಕಕ್ಕೆ ಕರೆದು ಒಂದು ಮಾತು ಕೇಳಿ: "ಹೊಲದ ನೋಟೀಸು ಕೊಟ್ಟೀರೇನಪ್ಪಾ?"