ಧ್ಯಾನಕ್ಕೆ ಕುಳಿತರೆ ಯೋಚನೆ ನಿಲ್ಲುತ್ತದೆಯೇ?

ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಕುಳಿತೊಡನೆ ಬೇಡದ ಯೋಚನೆಗಳೇ ನುಗ್ಗುತ್ತವೆ. ಧ್ಯಾನದಿಂದ ಅವು ನಿಲ್ಲುತ್ತವೆಯೇ? (ಮುದಗಲ್‌ನಿಂದ ಓದುಗರೊಬ್ಬರು)

ನಿಲ್ಲುವುದಿಲ್ಲ, ಅವುಗಳ ಜೊತೆಗಿನ ನಿಮ್ಮ ನಂಟು ಬದಲಾಗುತ್ತದೆ. ಅದುಮಿಟ್ಟ ಯೋಚನೆ ಮತ್ತೆ ಪುಟಿಯುತ್ತದೆ. 1987ರ ಪ್ರಯೋಗದಲ್ಲಿ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ‘ಬಿಳಿ ಕರಡಿಯನ್ನು ನೆನೆಯಬೇಡಿ’ ಎಂದಾಗ, ಜನ ಮತ್ತೆಮತ್ತೆ ಅದನ್ನೇ ನೆನೆದರು.

ಲಿಂಗಪೂಜೆಯಲ್ಲಿ ಎಡ ಅಂಗೈಯನ್ನು ಕಣ್ಣಿನೆದುರು ಹಿಡಿದು, ಕಪ್ಪು ಲಿಂಗದ ಮೇಲಿನ ಹೊಳಪಿನಲ್ಲಿ ನೋಟ ನಿಲ್ಲಿಸುತ್ತೀರಿ. ಮನಸ್ಸು ಜಾರುತ್ತದೆ. ಜಾರಿದ್ದು ಗೊತ್ತಾಗಿ ಮರಳುತ್ತೀರಿ. ಸಾಧನೆಯೆಂದರೆ ಈ ಮರಳುವಿಕೆಯೇ. ಮುದಗಲ್ ಕೋಟೆಯ ಬುರುಜಿನ ಮೇಲೆ ನಿಂತವರು ಕೆಳಗೆ ಹೋಗಿಬರುವವರನ್ನೆಲ್ಲ ನೋಡುತ್ತಾರೆ, ಯಾರ ಬೆನ್ನಿಗೂ ಓಡುವುದಿಲ್ಲ, ಹಾಗೆ. ಅನುಭವಿ ಧ್ಯಾನಿಗಳ ಮಿದುಳಿನಲ್ಲಿ, ಮನಸ್ಸು ಅಲೆಯುವಾಗ ಚುರುಕಾಗುವ ಜಾಲ ತಣ್ಣಗಿರುವುದು 2011ರ ಯೇಲ್ ಅಧ್ಯಯನದಲ್ಲಿ ಕಂಡಿದೆ. ಯೋಚನೆಯೊಡನೆ ಗುದ್ದಾಡದೆ ಉಳಿಯುವ ಕಸುವನ್ನೇ ಸಾಧಕರು ಆತ್ಮಬಲ ಎನ್ನುತ್ತಾರೆಂಬುದು ನನ್ನ ನಂಬಿಕೆ.

ದಿನಕ್ಕೆ ಹತ್ತು ನಿಮಿಷವಾದರೂ ಸರಿ, ತಪ್ಪಿಸದೆ ಕುಳಿತುಕೊಳ್ಳಿ.